ದಾರಿ ಕಾಯುತ್ತಿದ್ದ ಮೇಡಂ

ಮೇಡಂ ಅವರ ಎಡಗೈಯ ತೋರುಬೆರಳು ಮೊದಲ ಗೆಣ್ಣಿಗೇ ಮುಗಿದಿತ್ತು. ಚಿಕ್ಕಂದಿನಲ್ಲಿ ಗೆಂಡೆಹಳ್ಳಿಯಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋದದ್ದು. ಉಳಿದ ಒಂಬತ್ತು ಬೆರಳಲ್ಲಿ ಅವರು ಕೀಲಿಮಣೆ ಕುಟ್ಟುವ ವೇಗಕ್ಕೆ ನಮ್ಮ ಹತ್ತು ಬೆರಳು ಸಾಟಿಯಾಗುತ್ತಿರಲಿಲ್ಲ.

ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಒಂದು ಮಹಡಿಯ ಮೇಲೆ ನಮ್ಮ ಐದು ಜನರ ಆಫೀಸು. ಆಂಬುಲೆನ್ಸ್ ಕರೆಗಳನ್ನು ಹತ್ತಿರದ ಗಾಡಿಗೆ ಮುಟ್ಟಿಸುವ ಸಾಫ್ಟ್‌ವೇರ್ ನೋಡಿಕೊಳ್ಳುವುದು ಕೆಲಸ. ಅದು ಕ್ಲೌಡ್‌ನಲ್ಲಿ ಬಾಡಿಗೆಗೆ ಪಡೆದ ಯಂತ್ರಗಳಲ್ಲಿ, ಕಂಟೇನರ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಓಡುತ್ತಿತ್ತು. ಕರೆ ಹೆಚ್ಚಾದರೆ ಹೊಸ ಯಂತ್ರ ತಾನೇ ಸೇರಿಕೊಳ್ಳುತ್ತದೆ. ಅದಕ್ಕೆ ಹೋಗುವ ದಾರಿ ಕ್ಲೌಡ್‌ನ ಮಾರ್ಗಪಟ್ಟಿಯಲ್ಲೂ ಸೇರಬೇಕು. ಸೇರದಿದ್ದರೆ ಯಂತ್ರ ಗಟ್ಟಿಮುಟ್ಟಾಗಿಯೇ ಕಾಣುತ್ತದೆ, ಕರೆ ಮಾತ್ರ ಅದನ್ನು ಮುಟ್ಟುವುದಿಲ್ಲ. ಹೀಗೆ ದಾರಿ ಸೇರಿಸುವ ಕೆಲಸ ಎಷ್ಟು ಸಲ ನಡೆಯಿತು, ಎಷ್ಟು ಸಲ ಸೋತಿತು ಎಂದು ಎಣಿಸಿ ಅಲಾರಂ ಕೊಡುವ ಏರ್ಪಾಡನ್ನು ಮೇಡಂ ಒಬ್ಬರೇ ಕಟ್ಟಿದ್ದರು. ನನಗೆ ಕಲಿಸಿದವರೂ ಅವರೇ. "ಮನೆ ಐತೆ ಅಂದ್ರೆ ಸಾಲ್ದು ಕಣೋ, ಹೋಗೋಕೆ ದಾರಿ ಐತಾ ನೋಡು" ಎನ್ನುತ್ತಿದ್ದರು. ಬೆಂಗಳೂರಿನ ಮ್ಯಾನೇಜರ್ ಮೀಟಿಂಗಿನಲ್ಲಿ ಅವರ 'ಐತೆ'ಯನ್ನು ಅಣಕಿಸಿ ನಗುತ್ತಿದ್ದ. ಅವರು ಮಾತು ಬದಲಿಸಲಿಲ್ಲ.

ಒಂದು ವಾರ ಆ ಅಲಾರಂ ಮತ್ತೆ ಮತ್ತೆ ಬಂತು. ಪಟ್ಟಿ ತುಂಬಿದೆ, ಹೊಸ ದಾರಿಗಳು ಸೇರುತ್ತಿಲ್ಲ, ಮಿತಿ ಹೆಚ್ಚಿಸಲು ಅನುಮತಿ ಕೊಡಿ ಎಂದು ಮೇಡಂ ಮ್ಯಾನೇಜರ್‌ಗೆ ಮೇಲ್ ಬರೆದರು. ಅದರ ಪ್ರತಿ ನನಗೂ ಬಂತು. ಗಿರಾಕಿಗಳಿಗೆ ತೋರಿಸುವ ಪರದೆಯಲ್ಲಿ ಕೆಂಪು ಕಾಣಬಾರದೆಂದು ಅವನು ಅಲಾರಮ್ಮನ್ನೇ ಬಂದ್ ಮಾಡಿಸಿದ. ಆಮೇಲೆ ಮೇಡಂ ಗಂಟೆಗೊಮ್ಮೆ ತಾವೇ ತೆರೆದು ನೋಡುತ್ತಿದ್ದರು.

ಒಂದು ದಿನ ಅವರು ಊಟಕ್ಕೆ ಎದ್ದ ಹೊತ್ತಿನಲ್ಲಿ ಬಿಕ್ಕೋಡು ಕಡೆಯ ಕಾಫಿ ಎಸ್ಟೇಟೊಂದರಿಂದ ಕರೆ ಬಂತು. ಕೂಲಿ ಹೆಂಗಸೊಬ್ಬಳಿಗೆ ಹೆರಿಗೆ ನೋವು. ಕರೆ ದಾರಿಯಿಲ್ಲದ ಯಂತ್ರದ ಪಾಲಿಗೆ ಬಿತ್ತು, ಯಾವ ಗಾಡಿಗೂ ಸುದ್ದಿ ಹೋಗಲಿಲ್ಲ. ಎಸ್ಟೇಟಿನವರು ಕಾದು ಕಾದು ಕೊನೆಗೆ ಜೀಪಿನಲ್ಲಿ ಬೇಲೂರಿಗೆ ಕರೆತಂದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಕಂಪನಿಯ ವರದಿಯಲ್ಲಿ ಇದ್ದದ್ದು ಒಂದೇ ಸಾಲು: ನಿಗಾ ವಹಿಸಬೇಕಾದ ಸಿಬ್ಬಂದಿ ಜಾಗದಲ್ಲಿರಲಿಲ್ಲ. ಅನ್ನ ಉಣ್ಣಲು ಎದ್ದದ್ದು ಅಪರಾಧವಂತೆ, ಅಲಾರಂನ ಬಾಯಿ ಕಟ್ಟಿದ್ದು ಏನೂ ಅಲ್ಲವಂತೆ. ಮೀಟಿಂಗಿನಲ್ಲಿ ಮೇಡಂ ತಮ್ಮ ಮೇಲ್ ವಿಷಯ ಎತ್ತಿದರು. ತೆರೆದು ತೋರಿಸೋಣವೆಂದರೆ ಅವರ ಮೇಲ್ ಖಾತೆಯನ್ನು ಕಂಪನಿಯವರು ಬೆಳಿಗ್ಗೆಯೇ ಮುಚ್ಚಿಸಿದ್ದರು. ಅಂಥದ್ದೇನೂ ತನಗೆ ಬಂದಿಲ್ಲ ಎಂದ ಮ್ಯಾನೇಜರ್. ಅವರು ಒಮ್ಮೆ ನನ್ನ ಕಡೆ ನೋಡಿದರು. ನಾನು ಮೇಜನ್ನು ನೋಡಿದೆ.

ಕೆಲಸ ಹೋದ ಮರುವಾರವೇ ಮೇಡಂ ಬಸ್ಸು ಹತ್ತಿ ಹೋಗಿ, ಆ ತಾಯಿಯ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದರಂತೆ. ದೂರು ಕೊಡಲು ಆಕೆಯ ಜೊತೆ ಓಡಾಡಿದರು. ಸಾಕ್ಷಿ ಎಲ್ಲಿ ಎಂದು ಕೇಳಿದಲ್ಲೆಲ್ಲ ಬರಿಗೈಯಲ್ಲಿ ವಾಪಸಾಗಬೇಕಾಯಿತು. ನನ್ನ ಹೆಸರನ್ನು ಅವರು ಎಲ್ಲೂ ಎತ್ತಲಿಲ್ಲವೆಂದು ಆಮೇಲೆ ತಿಳಿಯಿತು.

ಎಂಟು ತಿಂಗಳ ಮೇಲೆ ನಾನು ಕೆಲಸ ಬಿಟ್ಟು, ಆ ಮೇಲ್‌ನ ಪ್ರತಿಯನ್ನು ಆ ತಾಯಿಯ ಪರ ವಕೀಲರಿಗೆ ಕೊಟ್ಟೆ. ಸಂಜೆ ಮೇಡಂ ಫೋನ್ ಮಾಡಿದರು. ಅಷ್ಟರಲ್ಲಿ ಅವರು ಕಾಯಿಲೆ ಬಿದ್ದಿದ್ದರು, ದನಿ ಸೋತಿತ್ತು.

"ಕೊಟ್ಯಂತೆ."

"ಹೂಂ, ಮೇಡಂ."

"ಕೇಸು ನಿಲ್ತದೆ ಈಗ. ಒಳ್ಳೇದಾಯ್ತು. ಆದ್ರೆ ಅವತ್ತೇ ಹೇಳ್ಬೇಕಿತ್ತು ಕಣೋ."

ಅಷ್ಟು ಹೇಳಿ ಫೋನ್ ಇಟ್ಟರು. ಆ ಮಳೆಗಾಲದಲ್ಲೇ ತೀರಿಕೊಂಡರು.

ವಿಚಾರಣೆ ಇನ್ನೂ ನಡೆಯುತ್ತಿದೆ. ಕೋರ್ಟಿನಲ್ಲಿ ಆ ಮ್ಯಾನೇಜರನ ಮುಖ ಕಂಡಾಗೆಲ್ಲ ನನ್ನ ರಕ್ತ ಕುದಿಯುತ್ತದೆ. ಆದರೆ ಅವನು ಸುಳ್ಳು ಹೇಳಿದ ದಿನ ಆ ಕೋಣೆಯಲ್ಲಿ ನಿಜ ಗೊತ್ತಿದ್ದವರು ಮೂವರು. ಬಾಯಿಬಿಟ್ಟವರು ಒಬ್ಬರೇ.