ನಾದಿನಿ ಹಾಡದೇ ಉಳಿದ ಹಾಡು

ನಮ್ಮ ಮಾವನವರ ಪಂಚಾಂಗದ ಕೊನೆಯ ಖಾಲಿ ಪುಟದಲ್ಲಿ ಪ್ರತಿವರ್ಷವೂ ಮೂರು ಪಟ್ಟಿಗಳಿರುತ್ತಿದ್ದವು. ವಾಗ್ಗೇಯಕಾರರಲ್ಲಿ ಯಾರು ಮೊದಲು, ಗಾಯಕರಲ್ಲಿ ಯಾರು ಮೊದಲು, ಸಿನಿಮಾ ಸಂಗೀತ ನಿರ್ದೇಶಕರಲ್ಲಿ ಯಾರು ಮೊದಲು. ಯುಗಾದಿಯ ದಿನ ಬೇವುಬೆಲ್ಲ ತಿಂದ ಮೇಲೆ ಹಳೆಯ ಪಂಚಾಂಗದಿಂದ ಹೊಸದಕ್ಕೆ ಹೆಸರುಗಳನ್ನು ಇಳಿಸಿಕೊಳ್ಳುತ್ತಿದ್ದರು. ಬಡ್ತಿ, ಹಿಂಬಡ್ತಿ ಎಲ್ಲ ಆಗಲೇ. ಒಬ್ಬ ದೊಡ್ಡ ಗಾಯಕರು ಎರಡರಿಂದ ಐದಕ್ಕೆ ಬಿದ್ದರು. ರಾಮನವಮಿ ಕಛೇರಿ ಮುಗಿದ ಮೇಲೆ ಮಾವನವರು ಕೈಮುಗಿದಾಗ ಅವರು ಚಪ್ಪಲಿ ಹುಡುಕುತ್ತಿದ್ದರಂತೆ. ಆ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಎರಡು ಮನೆಗಳಲ್ಲಿ ಮತ್ತೆ ಜಗಳ ಹತ್ತಿಕೊಳ್ಳುತ್ತದೆ.

ಮಾವನವರು ಸ್ವತಃ ಹಾಡುತ್ತಿರಲಿಲ್ಲ. ಮಂಗಳಾರತಿ ಹೊತ್ತಿನಲ್ಲೂ ತುಟಿ ಮಾತ್ರ ಆಡಿಸುತ್ತಿದ್ದರು. ಆದರೆ ಅವರ ಮಗಳು, ಎಂದರೆ ನನ್ನ ನಾದಿನಿ, ಹಾಡಲೇಬೇಕಿತ್ತು. ಎಂಟು ವರ್ಷ ಪಾಠ ಹೇಳಿಸಿದರು. ಶ್ರುತಿ ಒಂದು ದಾರಿ ಹಿಡಿದರೆ ಇವಳದು ಇನ್ನೊಂದು ದಾರಿ. ಪಾಠ ಹೇಳುತ್ತಿದ್ದವರು ಸಾತ್ವಿಕರು. ಕೊನೆಗೊಂದು ದಿನ "ಹುಡುಗಿ ಬಹಳ ವಿನಯವಂತೆ" ಎಂದಷ್ಟೇ ಹೇಳಿ ಬರುವುದನ್ನು ನಿಲ್ಲಿಸಿದರು. ಮೂರು ಸಲ ಗಂಡಿನ ಕಡೆಯವರು ಬಂದು ನೋಡಿದ್ದರು, ಮೂರು ಸಲವೂ ಹಾಡಿಸಿದ್ದರು, ಮೂರು ಕಡೆಯವರೂ "ಊರಿಗೆ ಹೋಗಿ ತಿಳಿಸ್ತೀವಿ" ಎಂದು ಹೋದವರು ತಿಳಿಸಲಿಲ್ಲ. ಅವರಲ್ಲೊಬ್ಬರ ಊರು ವಿಶ್ವೇಶ್ವರಪುರ. ಚಾಮರಾಜಪೇಟೆಯ ನಮ್ಮ ಮನೆಯಿಂದ ನಡೆದೇ ಹೋಗಬಹುದು.

ನಾಲ್ಕನೆಯವರು ಮಲ್ಲೇಶ್ವರದಿಂದ ಬಂದರು. ತೊಂಬತ್ತರ ದಶಕದ ನಡುವಿನ ಒಂದು ಭಾನುವಾರ, ಗಣೇಶನ ಹಬ್ಬ ಕಳೆದಿದ್ದರೂ ಬೀದಿ ಕೊನೆಯ ಪೆಂಡಾಲು ಇನ್ನೂ ಬಿಚ್ಚಿರಲಿಲ್ಲ. ಬೆಳಗ್ಗೆ ರವೆ ಹುರಿಯುತ್ತಿದ್ದಾಗ ನಾದಿನಿ ಪಕ್ಕದಲ್ಲಿ ಬಂದು ನಿಂತಳು.

"ಅತ್ತಿಗೆ, ಫೋಟೋದಲ್ಲಿ ಈ ಹುಡುಗ ನಗೋಕೆ ಪ್ರಯತ್ನವೇ ಪಟ್ಟಿಲ್ಲ. ನಂಗೆ ಅದೇ ಇಷ್ಟ ಆಯ್ತು. ಹಾಡು ಅಂದ್ರೆ ಇದೂ ಹೋಗತ್ತೆ."

ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅವಳ ಕಂಠ ಸರಿ ಮಾಡು ಎಂದು ಕೇಳುವಷ್ಟು ಅತಿಯಾಸೆ ನನಗಿರಲಿಲ್ಲ. ಹಾಡುವ ಪ್ರಸಂಗ ಬರದಿರಲಿ ಎಂದಷ್ಟೇ ಬೇಡಿಕೊಂಡೆ.

ಗಂಡಿನ ತಂದೆ ನಿವೃತ್ತ ಹೈಸ್ಕೂಲು ಮೇಷ್ಟ್ರು. ಒಳಗೆ ಬಂದವರು ಹೆಣ್ಣಿಗಿಂತ ಮೊದಲು ಶ್ರುತಿಪೆಟ್ಟಿಗೆಯನ್ನು ನೋಡಿದರು. "ಓಹೋ, ಸಂಗೀತದ ಮನೆ" ಎಂದರು. ಅಷ್ಟು ಸಾಕಾಯಿತು. ಮಾವನವರು ಪೆಟ್ಟಿಗೆಯ ಸ್ವಿಚ್ಚು ಹಾಕಿದರು, ಅದು ಗುಂಯ್ ಎನ್ನತೊಡಗಿತು.

"ನಾಲ್ಕೂವರೆಗೆ ರಾಹುಕಾಲ. ಅಷ್ಟ್ರೊಳಗೆ ಒಂದು ಹಾಡು ಆಗ್ಲಿ ಮಗು" ಎಂದರು.

ಚಾಪೆಯ ಮೇಲೆ ಕುಳಿತ ನಾದಿನಿ ನನ್ನ ಕಡೆ ನೋಡಿದಳು. ನಾನು ಕೇಸರಿಬಾತಿನ ತಟ್ಟೆ ಇಡುತ್ತಾ ಗಂಡಿನ ತಂದೆಗೆ ಹೇಳಿದೆ: "ಹಾಡು ಇದ್ದಿದ್ದೇ. ತಿಳಿದೋರು ಬಂದಿದೀರಿ, ಒಂದು ಕೇಳ್ಬಿಡ್ತೀನಿ. ವಾಗ್ಗೇಯಕಾರರಲ್ಲಿ ಎಲ್ಲಾರಿಗಿಂತ ದೊಡ್ಡೋರು ಯಾರು ಅಂತೀರಿ?"

ದೇವರ ಮುಂದೆ ಸುಳ್ಳು ಹೇಳಲಾರೆ, ಬೇಕೆಂದೇ ಕೇಳಿದೆ.

"ಅದ್ರಲ್ಲಿ ಕೇಳೋದೇನಮ್ಮ" ಎಂದು ಅವರು ತೆಲುಗಿನಲ್ಲಿ ಕೃತಿ ರಚಿಸಿದ ಮಹಾನುಭಾವರೊಬ್ಬರ ಹೆಸರು ಹೇಳಿದರು.

ಮಾವನವರ ಚಮಚ ಅಲ್ಲೇ ನಿಂತಿತು. "ಹಂಗಾದ್ರೆ ನಮ್ಮ ದಾಸರು? ಸುಮ್ನೆ ಊರೂರು ತಿರುಗ್ತಿದ್ರಾ?"

"ತಿರುಗಿದ್ರು, ಪದ ಬರೆದ್ರು. ರಾಗ ಆಮೇಲಿನೋರು ಹಾಕಿದ್ದು ಸ್ವಾಮಿ."

"ಮಲ್ಲೇಶ್ವರದಲ್ಲಿ ಹಾಗೆ ಹೇಳ್ಕೊಡ್ತಾರೇನೋ."

ಅಲ್ಲಿಂದ ಮುಂದೆ ನಾನು ಏನೂ ಮಾಡಬೇಕಾಗಲಿಲ್ಲ. ಮಾವನವರು ಪಂಚಾಂಗ ತಂದರು. ಗಂಡಿನ ತಂದೆ ಕನ್ನಡಕ ಹಾಕಿಕೊಂಡು ಅದನ್ನು ಉತ್ತರಪತ್ರಿಕೆ ತಿದ್ದುವಂತೆ ಓದಿದರು. ಮಾವನವರ ಮೊದಲನೆಯ ಗಾಯಕರು ಗಂಡಿನ ತಂದೆಯ ಪ್ರಕಾರ ಮೂಗಿನಲ್ಲಿ ಹಾಡುವವರು. ಅವರ ಮೊದಲನೆಯವರು ಮಾವನವರ ಪ್ರಕಾರ ಹಾಡುವುದಿಲ್ಲ, ವ್ಯಾಯಾಮ ಮಾಡುತ್ತಾರೆ. ನಮ್ಮ ಯಜಮಾನರು ಇಬ್ಬರಿಗೂ ತಲೆಯಾಡಿಸುತ್ತಿದ್ದರು. ತಾಳ ಹಾಕುತ್ತಿದ್ದಾರೆಂದು ಗಂಡಿನ ತಾಯಿ ಭಾವಿಸಿದರು. ಶ್ರುತಿಪೆಟ್ಟಿಗೆ ತನ್ನ ಪಾಡಿಗೆ ಗುಂಯ್‌ಗುಡುತ್ತಲೇ ಇತ್ತು. ನಾದಿನಿ ಮೆಲ್ಲಗೆ ಎದ್ದು ಅಡುಗೆಮನೆಗೆ ಬಂದಳು, ಯಾರೂ ಗಮನಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಹುಡುಗನೂ ನೀರು ಕೇಳಿಕೊಂಡು ಬಂದ. "ಅಲ್ಲಿನ್ನೂ ಗಾಯಕರಲ್ಲಿ ಮೂರನೇ ಸ್ಥಾನ ನಡೀತಿದೆ" ಎಂದು ಲೋಟ ಹಿಡಿದು ನಿಂತವನು ನಾದಿನಿಯ ಕಡೆ ನೋಡಿದ. "ಮೊದಲೇ ಹೇಳ್ಬಿಡ್ತೀನಿ, ನಂಗೆ ಸಂಗೀತ ಗೊತ್ತಾಗಲ್ಲ. ಅಪ್ಪ ಕಛೇರಿಗೆ ಕರ್ಕೊಂಡು ಹೋದ್ರೆ ನಿದ್ದೆ ಬಂದ್ಬಿಡತ್ತೆ."

"ನಾನು ಹಾಡಿದ್ರೆ ಬರಲ್ಲ ಬಿಡಿ" ಎಂದಳು ಇವಳು.

ಫೋಟೋದಲ್ಲಿ ಇಲ್ಲದಿದ್ದ ನಗು ಆಗ ಬಂತು.

ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ. ಅಷ್ಟರಲ್ಲಿ ಹಾಲ್‌ನಲ್ಲಿ ಮೂರನೆಯ ಪಟ್ಟಿ ಶುರುವಾಯಿತು. ಮಾವನವರು ಮೊದಲ ಸ್ಥಾನ ಕೊಟ್ಟಿದ್ದ ಸಂಗೀತ ನಿರ್ದೇಶಕರನ್ನು ಗಂಡಿನ ತಂದೆ ಟ್ಯೂನ್ ಕಳ್ಳ ಎಂದರು.

"ಕದ್ದರೂ ರಾಗ ಕೆಡಿಸಿಲ್ಲ. ನಿಮ್ಮೋನಿಗೆ ಕದಿಯೋಕೂ ಬರಲ್ಲ" ಎಂದರು ಮಾವನವರು.

ಗಂಡಿನ ತಂದೆ ಪಂಚಾಂಗ ಮುಚ್ಚಿಟ್ಟು ಶಲ್ಯ ಹೆಗಲಿಗೆ ಹಾಕಿಕೊಂಡರು. "ಏಳೇ, ಹೊರಡೋಣ" ಎಂದು ಹೆಂಡತಿಗೆ ಹೇಳಿದರು. ಗಂಟೆ ನಾಲ್ಕಾಗಿ ಐದು ನಿಮಿಷ. ನಾದಿನಿ ಅಡುಗೆಮನೆಯ ಬಾಗಿಲು ಹಿಡಿದು ನಿಂತಳು. ಹಾಡಿದ್ದರೆ ತಿಳಿಸ್ತೀವಿ ಎಂದಾದರೂ ಹೇಳಿ ಹೋಗುತ್ತಿದ್ದರು. ಅದನ್ನೂ ನಾನು ಕಳೆದೆ. ದೇವರ ದೀಪದ ಕಡೆ ನೋಡಲು ನನಗೆ ಮುಖವಿರಲಿಲ್ಲ.

ಆಗ ಪೆಂಡಾಲಿನ ಮೈಕ್‌ಸೆಟ್ಟು ಬಾಯಿ ತೆರೆಯಿತು. ಯಾವುದೋ ಹೊಸ ಸಿನಿಮಾದ ಹಾಡು. ಡ್ರಮ್ಮಿನ ಮೊದಲ ಏಟಿಗೇ ಶೋಕೇಸಿನ ಗಾಜು ಅದುರಿತು. ಇಬ್ಬರು ಹಿರಿಯರೂ ಒಟ್ಟಿಗೆ ಕಿವಿ ಮುಚ್ಚಿಕೊಂಡರು.

"ಇದೂ ಒಂದು ಸಂಗೀತವೇನ್ರೀ?" ಎಂದರು ಮಾವನವರು.

"ಮಿಕ್ಸಿಗೆ ಕಲ್ಲು ಹಾಕಿ ತಿರುಗಿಸಿದ ಹಾಗಿದೆ" ಎಂದರು ಗಂಡಿನ ತಂದೆ. "ಇದನ್ನ ಮಾಡಿದೋನು ಸಂಗೀತ ನಿರ್ದೇಶಕನಂತೆ."

"ನೀವು ಹೇಳಿದ್ದು ನೂರಕ್ಕೆ ನೂರು ಸತ್ಯ. ಕೂತ್ಕೊಳಿ, ಕಾಫಿ ತಗೊಳಿ."

ಕೂತರು. ಹೆಸರೂ ಗೊತ್ತಿಲ್ಲದ ಆ ಮನುಷ್ಯನನ್ನು ಇಬ್ಬರೂ ಸೇರಿ ಹದಿನೈದು ನಿಮಿಷ ಬೈದರು. ನಮ್ಮತ್ತೆ ಗಡಿಯಾರ ನೋಡಿ ಎಲೆಅಡಿಕೆ, ತೆಂಗಿನಕಾಯಿಯ ತಟ್ಟೆ ತಂದಿಟ್ಟು, "ರಾಹುಕಾಲಕ್ಕೆ ಹತ್ತು ನಿಮಿಷ ಇದೆ" ಎಂದರು.

"ನಮ್ಗೆ ಒಪ್ಪಿಗೆ. ಇಂಥ ಅಭಿರುಚಿ ಇರೋ ಮನೆ ಎಲ್ಲಿ ಸಿಗತ್ತೆ" ಎಂದರು ಗಂಡಿನ ತಂದೆ. ಹುಡುಗ, ಹುಡುಗಿ ಆಗಲೇ ತಲೆಯಾಡಿಸಿಯಾಗಿತ್ತು.

ಬೇರೆಯವರು ಒಡವೆ ಎಣಿಸಿಕೊಳ್ಳುತ್ತಾರೆ; ನಾನು ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಎಣಿಸಿಕೊಳ್ಳುತ್ತೇನೆ. ಆ ಮೈಕ್‌ಸೆಟ್ಟು ಅದರಲ್ಲೊಂದು. ಅಂದಿನಿಂದ ಯಾವ ಪೆಂಡಾಲಿನ ಹಾಡನ್ನೂ ನಾನು ಬೈದಿಲ್ಲ.

ಏಳೆಂಟು ವರ್ಷಗಳ ಮೇಲೆ ಮಲ್ಲೇಶ್ವರದಲ್ಲಿ ನಾದಿನಿಯ ಎರಡನೆಯ ಮಗುವಿನ ನಾಮಕರಣ. ಊಟದ ಪಂಕ್ತಿಯಲ್ಲಿ ಬೀಗರು ಪಕ್ಕದವರಿಗೆ ಹೇಳುತ್ತಿದ್ದರು: "ನಾವು ನೋಡೋಕೆ ಹೋದಾಗ ನಮ್ಮ ಸೊಸೆ ಹಾಡಿದ್ಲು ನೋಡಿ, ಕಲ್ಯಾಣಿ. ಇವತ್ತಿಗೂ ಕಿವೀಲಿದೆ."

ಹಾಡೇ ಇರಲಿಲ್ಲವಲ್ಲ ಎಂದು ನಾನು ಮಾವನವರ ಮುಖ ನೋಡಿದೆ.

ಮಾವನವರು ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, "ಕಲ್ಯಾಣಿ ಅಲ್ಲ ಸ್ವಾಮಿ, ಮೋಹನ" ಎಂದರು.

"ಕಲ್ಯಾಣಿ. ಅಷ್ಟೂ ಗೊತ್ತಾಗಲ್ವೇ ನಂಗೆ?"

ಅಳಿಯಂದಿರು ಗೋಡೆಗೊರಗಿ ಸಣ್ಣಗೆ ನಿದ್ದೆ ಹೋಗಿದ್ದರು. ನಾದಿನಿ ತುಪ್ಪದ ಮಿಳ್ಳೆ ಹಿಡಿದು ಸಾಲಿನಲ್ಲಿ ಬರುತ್ತಿದ್ದವಳು ಒಮ್ಮೆ ನನ್ನ ಕಡೆ ನೋಡಿ, ಇಬ್ಬರ ನಡುವೆ ಬಗ್ಗಿದಳು.

"ರಾಗಮಾಲಿಕೆ ಮಾವ, ಎರಡೂ ಇತ್ತು. ತುಪ್ಪ ಹಾಕ್ಲಾ?"