ಕ್ಯಾಲೆಂಡರ್ ವಿಭಾಗದ ಮುಮ್ತಾಜಕ್ಕ

ಮುಮ್ತಾಜಕ್ಕನಿಗೆ ನಾಚಿಕೆ ಜಾಸ್ತಿ, ಅದಕ್ಕೇ ಆ ಆಪನ್ನು ಬಚ್ಚಿಟ್ಟಿದ್ದರು ಎಂಬ ಮಾತು ಶಿಗ್ಗಾಂವಿಯ ನಮ್ಮ ಆಫೀಸಿನಲ್ಲಿ ಈಗಲೂ ಓಡಾಡುತ್ತದೆ. ನಾನು ಒಪ್ಪುವುದಿಲ್ಲ. ಹುಡುಗಿಯರು ಮುಟ್ಟಿನ ದಿನ ಗುರುತಿಟ್ಟುಕೊಳ್ಳುವ ಆಪ್ ಅದು. ಅದರ ಬಗ್ಗೆ ಮೀಟಿಂಗ್ ನಡೆದಾಗ ಮ್ಯಾನೇಜರ್ ಸರ್ ಉದ್ದಕ್ಕೂ ‘ಆ ಆಪ್’ ಎಂದರು, ಉಳಿದವರು ‘ಅದು’ ಎಂದರು. ‘ಮುಟ್ಟು’ ಎಂದು ಕೆಳಗಿನ ಗೊಬ್ಬರದ ಅಂಗಡಿಗೂ ಕೇಳುವಂತೆ ಅಂದವರು ಮುಮ್ತಾಜಕ್ಕ ಒಬ್ಬರೇ. ಹಾಗಾದರೆ ನಾಚಿಕೆ ಯಾರದು?

ನಮ್ಮದು ಕನ್ನಡ ಆಪ್‌ಗಳ ಸಣ್ಣ ಸ್ಟೋರ್. ಯಾವ ಆಪ್ ಯಾವ ವಿಭಾಗದಲ್ಲಿರಬೇಕೆಂದು ನೋಡುವುದು ಮುಮ್ತಾಜಕ್ಕನ ಕೆಲಸವಾಗಿತ್ತು, ಅದರ ವಿವರ ಬರೆಯುವುದು ನನ್ನದು. ಸವಣೂರಿನಲ್ಲಿ ಅವರ ಅಪ್ಪನ ಜನರಲ್ ಸ್ಟೋರ್ ಇದೆ; ಅದರ ಕೌಂಟರಿನ ಹಿಂದೆ ಬೆಳೆದವರು. ಆಫೀಸಿಗೆ ಯಾರೇ ಬರಲಿ, ಕೈಗೆ ಫೋನ್ ಕೊಟ್ಟು, ಏನೋ ಒಂದು ಹುಡುಕಲು ಹೇಳಿ, ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಕಣ್ಣು ಮಾತ್ರ ಬಂದವರ ಹೆಬ್ಬೆರಳಿನ ಮೇಲೆ. ಹೆಬ್ಬೆರಳು ತಡವರಿಸಿತೋ, ವಿಭಾಗ ತಪ್ಪಿದೆ ಎಂದೇ ಲೆಕ್ಕ.

‘ಜೀವನಶೈಲಿ’ ಎಂಬ ವಿಭಾಗಕ್ಕೆ ಹೆಸರಿಟ್ಟವಳು ನಾನು. ಒಮ್ಮೆ ಹಿರೇಕೆರೂರಿನ ಗೋವಿನಜೋಳದ ವ್ಯಾಪಾರಿಯೊಬ್ಬರು ಬಂದಿದ್ದರು. “ಅಡಗಿ ಕಲಿಸೋ ಆಪ್ ಹುಡುಕ್ರಿ ಸಾವಕಾರ್ರ” ಎಂದು ಮುಮ್ತಾಜಕ್ಕ ಫೋನ್ ಕೊಟ್ಟರು. ವ್ಯಾಪಾರಿಯ ಬೆರಳು ನನ್ನ ವಿಭಾಗದ ಮೇಲೆ ಬಂದು ನಿಂತಿತು. “ಇದರಾಗ ಏನೈತಿ ಯವ್ವಾ?” ನಾನು ಕಾಲೇಜಿನ ಚರ್ಚಾಸ್ಪರ್ಧೆಯ ಧಾಟಿಯಲ್ಲೇ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, “ಭಾಳ ಚಂದ ಹೇಳಿದಿ. ಅಡಗಿ ಎಲ್ಲೈತಿ?” ಎಂದರು.

“ವಕೀಲವ್ವಾ, ಕೇಸ್ ಗೆದ್ದಿ,” ಮುಮ್ತಾಜಕ್ಕ ನಕ್ಕರು. “ಸಾವಕಾರ್ರು ಉಪಾಸ ಹೊಂಟ್ರು ನೋಡು!”

ಮರುದಿನ ‘ಅಡುಗೆ’ ಎಂಬ ವಿಭಾಗ ಬಂತು. ಅದು ಸರಿಯೇ. ಆದರೆ ಮುಟ್ಟಿನ ಆಪನ್ನು ಪಂಚಾಂಗ, ಹಬ್ಬ, ರಜೆಗಳ ಜೊತೆ ‘ಕ್ಯಾಲೆಂಡರ್’ನಲ್ಲಿ ಇಟ್ಟಾಗ ನಾನು ಜಗಳಕ್ಕೆ ನಿಂತೆ.

“ಮುಚ್ಚಿಟ್ರ ನಾವ ನಾಚಿಕಿ ಕಲಿಸಿದಂಗ ಆಗ್ತೈತ್ರಿ ಅಕ್ಕ. ಅದಕ್ಕ ಬ್ಯಾರೇ ವಿಭಾಗಾನ ಬೇಕು.”

“ಎಲ್ಲಿ ಮುಚ್ಚೇನಿ? ಹೆಸರು ದಪ್ಪ ಅಕ್ಷರದಾಗ ಐತಿ. ಅಂಗಡ್ಯಾಗ ಪ್ಯಾಡ್ ಪೇಪರ್‌ನ್ಯಾಗ ಸುತ್ತಿ ಕೊಡೂದ ಬಿಡಿಸಿದಾಕಿ ನಾನು. ಸೋಪಿನ ಬಾಜೂಕ ಇಟ್ಟೆ. ಸೋಪಿನ ಮುಂದ ನಿಂತಾಕಿಗೆ ‘ಇಲ್ಲ್ಯಾಕ ನಿಂತಿ’ ಅಂತ ಯಾರ ಕೇಳ್ತಾರ?”

“ಎಷ್ಟ ದಿನಾ ಹಂಗ ಸೋಪಿನ ಮರೀಗೆ ನಿಲ್ಲೂದ್ರಿ?”

“ನಾಳಿನ ಹುಡುಗೀಗೆ ನಾಳೆ ಖಾನೆ ಬದಲ ಮಾಡು. ಇವತ್ತಿನಾಕಿ ಏನ ಮಾಡ್ಬೇಕು?”

ನನ್ನ ವಾದ ಬಿದ್ದಿತೆಂದು ನಾನು ಈಗಲೂ ಒಪ್ಪುವುದಿಲ್ಲ.

ಅವರ ಕರಾರು ಮುಗಿದಾಗ ಸರ್ ಮುಂದುವರಿಸಲಿಲ್ಲ. “ಅಂಗಡಿಗೆ ಬಾ, ಚಹಾ ಕುಡಕೋತ ಜಗಳಾಡೂಣು” ಎಂದು ಮುಮ್ತಾಜಕ್ಕ ಮೆಟ್ಟಿಲಿಳಿದು ಹೋದರು. ಅವರು ಹೋದ ವಾರವೇ ಆ ಆಪ್ ‘ಮಹಿಳೆಯರಿಗಾಗಿ’ ಎಂಬ ಗುಲಾಬಿ ಬಣ್ಣದ ಹೊಸ ವಿಭಾಗಕ್ಕೆ ಹೋಯಿತು. ನಾನು ಕೇಳಿದ್ದೂ ಅದನ್ನೇ ಅಲ್ಲವೇ?

ಮೊನ್ನೆ ಹಾನಗಲ್ಲಿಗೆ, ಅತ್ತೆಯ ಮನೆಗೆ ಹೋಗಿದ್ದೆ. ಅತ್ತೆಯ ಮಗಳು ಆ ಆಪ್ ಬೇಕೆಂದು ನನ್ನ ಕಿವಿಯಲ್ಲಿ ಕೇಳಿದಳು. ಎಲ್ಲಿದೆ ಎಂದು ಹೇಳಿದೆ. ಫೋನ್ ಅವಳ ಅಣ್ಣನದು. ಅವನು ಪಕ್ಕದಲ್ಲೇ ಕುಳಿತು “ಲಗೂ ಕೊಡ, ಮ್ಯಾಚ್ ಚಾಲೂ ಆತು” ಎನ್ನುತ್ತಿದ್ದ. ಅವಳ ಹೆಬ್ಬೆರಳು ಗುಲಾಬಿ ಬಣ್ಣದವರೆಗೆ ಬಂದು ನಿಂತಿತು. ಅಣ್ಣನ ಕಡೆ ಒಮ್ಮೆ ನೋಡಿದಳು. ‘ಕ್ಯಾಲೆಂಡರ್’ ವಿಭಾಗ ತೆರೆದು, “ಯುಗಾದಿ ಯಾವಾಗಂತ ನೋಡಿದೆ ಅಷ್ಟ” ಎಂದು ಫೋನ್ ವಾಪಸ್ ಕೊಟ್ಟಳು.

ಸೋಮವಾರ ಸರ್ ಮುಂದೆ ಇದನ್ನು ಹೇಳಿದೆ. “ವಿಭಾಗದ ಹೆಸರು ಸ್ಪಷ್ಟ ಐತಲ್ಲವಾ, ಮತ್ತೇನು?” ಎಂದರು.

“ಹಂಗಾರ ಇವತ್ತ ಮನ್ಯಾಗ ನಿಮ್ಮ ಮಗಳ ಕೈಯಾಗ ಫೋನ್ ಕೊಟ್ಟು, ನೀವು ಬಾಜೂಕ ಕುಂತು, ಅದನ್ನ ಹುಡುಕು ಅಂತೀರೇನ್ರಿ ಸರ್?”