ಗಂಧದ ಬೊಟ್ಟು ಮುಚ್ಚಿದ ತೂತು

ಗಿರೀಶಣ್ಣ, ನೀವು ಸುಳ್ಳು ಹೇಳಿರಲಿಲ್ಲ. ಎತ್ತರ ತೋರಿಸುವ ಮುಳ್ಳು ಅವತ್ತು ನಿಜವಾಗಿಯೂ ಅಲ್ಲಾಡಿರಲಿಲ್ಲ. ಅದನ್ನು ನಿಲ್ಲಿಸಿದವಳು ನಾನು — ಆರು ವರ್ಷ ಬಾಯಿ ಬಿಡದೆ ಇದ್ದವಳೂ ನಾನೇ.

ಆ ಆಯುಧಪೂಜೆಯ ಬೆಳಿಗ್ಗೆ, ವಿಲಾಯತಿಗೆ ಬಂದ ಮೇಲೆ ನಮ್ಮೆರಡು ಮನೆಯವರೂ ಸೇರಿ ಕೊಂಡಿದ್ದ ನಾಲ್ಕು ಸೀಟಿನ ವಿಮಾನವನ್ನು ನೀವು ಸುತ್ತು ಹಾಕಿ, ಮುಟ್ಟಿ ಮುಟ್ಟಿ ಪರೀಕ್ಷಿಸಿದ್ದಿರಿ. ಆಮೇಲೆ ನನ್ನ ಸರದಿ. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿದ ಕೈ — ಬೊಟ್ಟುಗಳೆಲ್ಲ ಒಂದೇ ಸಾಲು, ಒಂದೇ ಅಳತೆ. ಬಾಗಿಲ ಮುಂದಿನ ಪಕ್ಕೆಯಲ್ಲಿ ಒಂದು ಸಣ್ಣ ತೂತು ಕಂಡಿತು. ನಡುಬಿಂದು ಸಿಕ್ಕಿತೆಂದು ಅಲ್ಲೇ ದಪ್ಪಗೆ ಗಂಧ ಮೆತ್ತಿ, ಮೇಲೆ ಕುಂಕುಮವಿಟ್ಟೆ.

“ವೈನಿ, ರಾಹುಕಾಲ ಬಂತ್ರಿ, ಲಗೂ ಮುಗಸ್ರಿ,” ಎಂದಿರಿ.

“ವಿಮಾನ ಅಲ್ಲೋ, ಮದಲಗಿತ್ತಿನ್ನ ತಯಾರ್ ಮಾಡ್ಯಾಳ,” ಎಂದು ನಮ್ಮನೆಯವರು ನಕ್ಕರು.

ಪೂಜೆಯಾದ ಮೇಲೆ ಇನ್ನೊಂದು ಸುತ್ತು ನೋಡದೆ ನೀವು ಹತ್ತಿಬಿಟ್ಟಿರಿ. ಅದಕ್ಕೆ ನಿಮ್ಮ ಮೇಲೂ ನನಗೆ ಸಿಟ್ಟಿದೆ. ರಾಹುಕಾಲಕ್ಕೆ ಹೆದರಿದವರು ಇನ್ನೊಂದು ಸುತ್ತಿಗೆ ಬೇಕಿದ್ದ ಐದು ನಿಮಿಷಕ್ಕೆ — ಹೋಗಲಿ.

ಆ ತೂತಿನ ಗಾಳಿಯಿಂದಲೇ ಎತ್ತರದ, ವೇಗದ ಮುಳ್ಳುಗಳು ನಡೆಯುತ್ತವೆಂದು ಆ ವಾರದಲ್ಲೇ ಓದಿ ತಿಳಿದೆ. ಒಂದು ನಿಂತಿತ್ತು, ಇನ್ನೊಂದು ವೇಗ ಕಡಿಮೆ ತೋರಿಸುತ್ತಿತ್ತು. ಅದನ್ನು ನಂಬಿ ನೀವು ಜೋರಾಗಿ ಇಳಿದಿರಿ. ಮುಂದಿನ ಗಾಲಿ ಮುರಿಯಿತು, ನಿಮ್ಮ ಹಣೆ ಒಡೆಯಿತು.

ಎಲ್ಲರೂ ನಿಮ್ಮನ್ನು ಎತ್ತಿ ಕಾರಿನ ಕಡೆ ಓಡಿದರು. ನಾನು ವಿಮಾನದ ಹತ್ತಿರ ಉಳಿದೆ. ಬೊಟ್ಟಿನ ಪಕ್ಕದಲ್ಲೇ ಪುಟ್ಟ ಇಂಗ್ಲಿಷ್ ಅಕ್ಷರಗಳು — ಈ ತೂತು ಮುಚ್ಚಬೇಡಿ. ಶಾಲೆಯಲ್ಲಿ ಇಂಗ್ಲಿಷಿಗೆ ಬಹುಮಾನ ತೆಗೆದುಕೊಂಡವಳು ನಾನು! ಸೆರಗಿನಿಂದ ಒರೆಸಿದೆ. ತಲೆಯ ಪಿನ್ನು ತೆಗೆದು ಒಳಗಿನದನ್ನೂ ಕೆದಕಿದೆ. ಗಾಬರಿಯಿಂದಲ್ಲ — ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು.

ಮೆಕ್ಯಾನಿಕ್ ಪರೀಕ್ಷಿಸಿದಾಗ ಮುಳ್ಳುಗಳೆಲ್ಲ ಸರಿಯಾಗಿಯೇ ಇದ್ದವು.

ಮುಂದಿನ ವಾರ ಹ್ಯಾರೋದ ನಮ್ಮ ಮನೆಯಲ್ಲಿ, ನಾಲ್ಕು ಸಂಸಾರಗಳ ಎದುರು, ಇವರು ಅಂದರು: “ಕೈ ತಪ್ಪಿತು ಅಂತ ಒಪ್ಪಿಕೊಳ್ಳೋ ಗಿರ್ಯಾ. ಮಶೀನಿನ ಮ್ಯಾಲ ಯಾಕ ಹಾಕ್ತಿ?” ನಿಮ್ಮ ಹಣೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ನೀವು ನನ್ನ ಕಡೆ ತಿರುಗಿದಿರಿ.

“ವೈನಿ, ನೀವರ ನಂಬ್ತೀರಿಲ್ಲೋ?”

“ಚಹಾಕ್ಕ ಸಕ್ರಿ ಎಷ್ಟ್ ಹಾಕ್ಲಿ?” ಎಂದೆ ನಾನು.

ಹತ್ತು ವರ್ಷ ನಿಮಗೆ ಸಕ್ಕರೆ ಇಲ್ಲದ ಚಹಾ ಕೊಟ್ಟವಳು! ನೀವು ಕಪ್ಪು ಮುಟ್ಟದೆ ಎದ್ದು ಹೋದಿರಿ. ಆಮೇಲೆ ವಿಮಾನವನ್ನೂ ಮುಟ್ಟಲಿಲ್ಲ, ನಮ್ಮ ಹೊಸಿಲನ್ನೂ ತುಳಿಯಲಿಲ್ಲ.

ಎಲ್ಲರೂ ನನ್ನನ್ನು ಸೌಮ್ಯ ಹೆಂಗಸು ಅನ್ನುತ್ತಾರೆ. ಆ ಮಾತು ಕೇಳಿದರೆ ಮೈ ಉರಿಯುತ್ತದೆ. ಸೌಮ್ಯವಾಗಿಯೇ ಒಬ್ಬ ಮನುಷ್ಯನ ಮಾತನ್ನು ಸುಳ್ಳು ಮಾಡಿದೆನಲ್ಲ.

ನಿನ್ನೆ ಇವರಿಗೆ ಹೇಳಿದೆ. “ಈಗ ಹೇಳಿ ನನ್ನ ಮರ್ಯಾದಿ ಯಾಕ ಕಳೀತಿ?” ಎಂದು ಕೂಗಾಡಿದರು. ಮದುವೆಯಾದಾಗಿನಿಂದ ಮೊದಲ ಸಲ ನಾನೂ ಕೂಗಿದೆ: “ಗಿರೀಶಣ್ಣಂದು ಕಳದಾಗ ನೀವು ಚಹಾ ಕುಡ್ಯಾಕತ್ತಿದ್ರಿ!”

ನಡೆದದ್ದನ್ನೆಲ್ಲ ಬರೆದು, ಮೆಕ್ಯಾನಿಕ್‌ಗೂ ಆ ನಾಲ್ಕು ಮನೆಗಳಿಗೂ ಇವತ್ತು ಅಂಚೆಗೆ ಹಾಕಿದ್ದೇನೆ. ನನ್ನ ಹೆಸರು ಹಾಕಿಯೇ. ನೀವು ಕ್ಷಮಿಸಬೇಕಿಲ್ಲ. ಅವತ್ತು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ — ನಂಬುವ ಮಾತೇ ಇರಲಿಲ್ಲ ಗಿರೀಶಣ್ಣ, ನನಗೆ ಗೊತ್ತಿತ್ತು.